ಕಾರಿಲ್ಲದ ದಾರಿಯಲ್ಲಿ ನೀವೇ ಲಾರಿ

ಗ್ಲಾಸ್ಗೋಗೆ ಓದಲು ಬರುವ ನಮ್ಮ ಕಡೆಯ ಹುಡುಗ ಹುಡುಗಿಯರು ಮೊದಲ ಚಳಿಗಾಲವನ್ನು ಹೇಗೋ ನೂಕಿ, ಏಪ್ರಿಲ್ ಹೊತ್ತಿಗೆ ಒಂದು ಸೆಕೆಂಡ್‌ಹ್ಯಾಂಡ್ ಸೈಕಲ್ ಕೊಳ್ಳುತ್ತಾರೆ. ಆಮೇಲೆ ನನ್ನ ಹತ್ತಿರ ಬಂದು, ಕಾರು ಲಾರಿಗಳ ಕಾಟವಿಲ್ಲದ ಕಡೆ ಎಲ್ಲಿಗೆ ಹೋಗಬಹುದು ಅಂತ ಕೇಳುತ್ತಾರೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಹೊಗೆ ಕುಡಿದು ಬಂದವರ ಪ್ರಶ್ನೆ; ಅರ್ಥವಾಗುತ್ತದೆ. ಉತ್ತರವೂ ಸುಲಭ. ಊರಿಂದ ಉತ್ತರಕ್ಕೆ ಸುಮಾರು 55 ಕಿ.ಮೀ. ದೂರದ ಟ್ರೊಸಾಕ್ಸ್ ಗುಡ್ಡಗಾಡಿಗೆ ಹೋಗಿ, ಲಾಕ್ ಕ್ಯಾಟ್ರಿನ್ ಸರೋವರದ ಉತ್ತರ ದಂಡೆಯ ರಸ್ತೆ ಹಿಡಿಯಿರಿ. ಸ್ಟ್ರೊನಾಕ್‌ಲಾಕರ್‌ನಿಂದ ಟ್ರೊಸಾಕ್ಸ್ ಪಿಯರ್‌ವರೆಗೆ 13 ಮೈಲಿ, ಅಂದರೆ 21 ಕಿ.ಮೀ. ಟಾರು ರಸ್ತೆ. ಒಂದು ಮಗ್ಗುಲಿಗೆ ನೀರು, ಇನ್ನೊಂದು ಮಗ್ಗುಲಿಗೆ ಗುಡ್ಡ, ಓಕ್ ಮತ್ತು ಬರ್ಚ್ ಮರಗಳು. ಹೊರಗಿನವರ ಕಾರಿಗೆ ಪ್ರವೇಶವಿಲ್ಲ. ಅಲ್ಲಿನ ಬೆರಳೆಣಿಕೆಯ ಮನೆಯವರ ಗಾಡಿ, ನೀರು ಸರಬರಾಜಿನವರ ವ್ಯಾನು ಬಿಟ್ಟರೆ ಎಂಜಿನ್ ಸದ್ದೇ ಇಲ್ಲ.

ಇಷ್ಟು ಕೇಳಿದ ಕೂಡಲೇ ಹೊರಡಲು ಎದ್ದು ನಿಲ್ಲುತ್ತೀರಿ. ಕೂತುಕೊಳ್ಳಿ. ವಯಸ್ಸಾದವನ ಹತ್ತಿರ ದಾರಿ ಕೇಳಿದ ಮೇಲೆ ಪುರಾಣವನ್ನೂ ಕೇಳಲೇಬೇಕು.

ಆ ರಸ್ತೆಯನ್ನು ಸೈಕಲ್ಲಿನವರಿಗೆಂದು ಯಾರೂ ಖಾಲಿ ಬಿಟ್ಟಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಗ್ಲಾಸ್ಗೋ ಕಾರ್ಖಾನೆಗಳ ಹೊಡೆತಕ್ಕೆ ಉಬ್ಬಿದ ಊರು. ಕುಡಿಯಲು ಬಾವಿ ನೀರು, ಇಲ್ಲವೇ ಕ್ಲೈಡ್ ನದಿಯ ಕೊಳಕು ನೀರು. 1832ರಲ್ಲಿ, 1848-49ರಲ್ಲಿ, ಮತ್ತೆ 1853-54ರಲ್ಲಿ ಕಾಲರಾ ಬಂದು ಸಾವಿರಾರು ಜನರನ್ನು ಒಯ್ದಿತು. ಆಗ ಜಾನ್ ಫ್ರೆಡರಿಕ್ ಬೇಟ್‌ಮನ್ ಎಂಬ ಎಂಜಿನಿಯರ್ ಈ ಸರೋವರದ ಮಟ್ಟ ಏರಿಸಿ, ಗುಡ್ಡ ಕೊರೆದು, ಕಣಿವೆಗಳನ್ನು ದಾಟಿಸಿ, 26 ಮೈಲಿ ದೂರದ ಮಗ್‌ಡಾಕ್ ಜಲಾಶಯಕ್ಕೆ ನೀರು ಹರಿಸಿದ. 1859ರ ಅಕ್ಟೋಬರ್‌ನಲ್ಲಿ ವಿಕ್ಟೋರಿಯಾ ರಾಣಿಯೇ ಬಂದು ಉದ್ಘಾಟಿಸಿದಳು. ಪಂಪಿಲ್ಲ, ಗಿಂಪಿಲ್ಲ, ಮೈಲಿಗೆ ಹತ್ತೇ ಇಂಚಿನ ಇಳಿಜಾರು, ಅಷ್ಟರಲ್ಲೇ ನೀರು ತಾನಾಗಿ ಊರು ಸೇರುತ್ತದೆ. ತೊರೆಕಾಡನಹಳ್ಳಿಯಿಂದ ನೂರು ಕಿ.ಮೀ. ಉದ್ದಕ್ಕೂ ಮೇಲೆತ್ತಿಸಿಕೊಂಡ ಕಾವೇರಿ ನೀರು ಕುಡಿದು ಬೆಳೆದ ಬೆಂಗಳೂರಿನವರು ಇದನ್ನು ಒಂದು ಗಳಿಗೆ ಯೋಚಿಸಿ ನೋಡಿ. 1866ರಲ್ಲಿ ಕಾಲರಾ ಮತ್ತೆ ಬಂದಾಗ ಗ್ಲಾಸ್ಗೋದಲ್ಲಿ ಸತ್ತವರು ನೂರರೊಳಗೆ. ಇವತ್ತಿಗೂ ನಿಮ್ಮ ರೂಮಿನ ನಲ್ಲಿಯಲ್ಲಿ ಬರುವುದು ಬಹುಮಟ್ಟಿಗೆ ಇದೇ ಕಡೆಯ ನೀರು. ಅದು ಕೆಡಬಾರದೆಂದು ನಗರದವರು ದಂಡೆಯನ್ನು ತಮ್ಮ ಹತೋಟಿಯಲ್ಲಿಟ್ಟುಕೊಂಡರು. ರಸ್ತೆ ಸಾರ್ವಜನಿಕರ ವಾಹನಗಳಿಗೆ ತೆರೆಯಲೇ ಇಲ್ಲ. ನಮಗೆ ಸಿಕ್ಕಿರುವ ನಿಶ್ಶಬ್ದ ಆ ಎಚ್ಚರಿಕೆಯಿಂದ ಉಳಿದ ಮಿಗತೆ. ಆದ್ದರಿಂದ ಬಿಸ್ಕತ್ತಿನ ಕವರು, ಹಳೇ ಟ್ಯೂಬು, ಬಾಳೆಹಣ್ಣಿನ ಸಿಪ್ಪೆ ಎಲ್ಲ ನಿಮ್ಮ ಚೀಲದಲ್ಲೇ ವಾಪಸ್ ಬರಬೇಕು.

ಇನ್ನು ನಾನು ನಿಜವಾಗಿ ಹೇಳಬೇಕಾದ್ದು. ಹೆದ್ದಾರಿಯಲ್ಲಿ ಸೈಕಲ್ಲಿನವನು ಬಡಪಾಯಿ, ಎಲ್ಲರಿಗೂ ಹೆದರುವವನು. ಕಾರನ್ನು ತೆಗೆದುಬಿಟ್ಟ ದಾರಿಯಲ್ಲಿ ಅದೇ ಬಡಪಾಯಿ ಲಾರಿಯಾಗುತ್ತಾನೆ. ಅವನಿಗಿಂತ ದೊಡ್ಡದು, ಅವನಿಗಿಂತ ವೇಗದ್ದು ಅಲ್ಲಿ ಬೇರೇನೂ ಇರುವುದಿಲ್ಲ. ಟ್ರೊಸಾಕ್ಸ್ ಪಿಯರ್ ಕಡೆಯ ಮೊದಲ ಎರಡು ಮೂರು ಕಿಲೋಮೀಟರ್ ಸಮತಟ್ಟು. ಅಲ್ಲಿ ಮಗುವಿನ ತಳ್ಳುಗಾಡಿ, ಗಾಲಿಕುರ್ಚಿ, ಊರುಗೋಲಿನ ಅಜ್ಜ, ಹಗ್ಗ ಬಿಚ್ಚಿದ ನಾಯಿ, ಆಗಷ್ಟೇ ಸೈಕಲ್ ಕಲಿಯುತ್ತಿರುವ ಐದು ವರ್ಷದ ಪೋರ ಎಲ್ಲರೂ ಇರುತ್ತಾರೆ. ಅವರೂ ನಿಮ್ಮ ಹಾಗೆ ಕಾರಿಲ್ಲವೆಂದೇ ಬಂದವರು. ರಸ್ತೆಯ ನಡುವೆ ಮೈಮರೆತು ನಡೆಯಲೆಂದೇ ಬಂದವರು.

ಮುದಿ ಗಂಡ ಹೆಂಡತಿ ಜೊತೆಯಾಗಿ ಹೋಗುತ್ತಿರುವುದು ಕಂಡರೆ ತುಸು ಗಮನಿಸಿ. ಬೆಲ್ ಕೇಳಿದ ತಕ್ಷಣ ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ಸರಿಯುತ್ತಾರೆ. ನಡುವೆ ದಾರಿಯಾಯಿತು ಅಂತ ನೀವು ನುಗ್ಗುತ್ತೀರಿ. ಅಷ್ಟರಲ್ಲಿ ಬಲಕ್ಕೆ ಹೋದವರಿಗೆ ಎಡಕ್ಕೆ ಹೋದವರ ಪಕ್ಕದಲ್ಲಿರಬೇಕು ಅನ್ನಿಸುತ್ತದೆ. ಸರಿಯಾಗಿ ನಿಮ್ಮ ಮುಂದಿನ ಚಕ್ರದ ಎದುರಿಗೇ ದಾಟುತ್ತಾರೆ. ಪ್ರತಿ ಸಲವೂ ಹೀಗೇ. ಹಾಗಾಗಿ ಇಪ್ಪತ್ತು ಮೀಟರ್ ದೂರದಿಂದಲೇ ಬೆಲ್ ಹೊಡೆಯಿರಿ, ವೇಗ ಇಳಿಸಿ, ಅವರು ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವವರೆಗೆ ಕಾಯಿರಿ. ಬೆಲ್ಲಿಗೆ ತಿರುಗದಿದ್ದರೆ ಕಿವಿ ಮಂದ ಇರಬಹುದು. ಮತ್ತೆ ಮತ್ತೆ ಬಾರಿಸಬೇಡಿ, ನಡಿಗೆಯ ವೇಗಕ್ಕೆ ಬಂದು ಬಾಯಲ್ಲೇ ಒಂದು ಮಾತು ಹೇಳಿ. ನಾಯಿ ಒಂದು ಬದಿಗೆ, ಯಜಮಾನ ಇನ್ನೊಂದು ಬದಿಗೆ ಇದ್ದರೆ ನಡುವೆ ತೆಳ್ಳಗಿನ ಹಗ್ಗ ಇದ್ದೇ ಇದೆ ಎಂದುಕೊಳ್ಳಿ. ಇನ್ನು ಆ ಐದು ವರ್ಷದ ಪೋರ ನಿಮ್ಮನ್ನು ನೋಡುತ್ತಾನೆ, ನೋಡಿದ ಕಡೆಗೇ ಹ್ಯಾಂಡಲ್ ತಿರುಗಿಸುತ್ತಾನೆ. ಅಲ್ಲಿ ಇಳಿದು ನಿಲ್ಲುವುದೇ ಸರಿ. ಹೊಟ್ಟೆ ಉರಿಯುವ ವಿಷಯವೆಂದರೆ, ಸ್ಟ್ರಾವಾ ಆ್ಯಪಿನಲ್ಲಿ ಸಮಯ ಕಡಿಮೆ ಮಾಡಿಕೊಳ್ಳಲು ಈ ಜನರ ನಡುವೆ ತಲೆ ತಗ್ಗಿಸಿ ಹಾರುವವರು ಬೆಳೆಯುತ್ತಿದ್ದಾರೆ. ಅವರಿಗೆ ಲಾರಿ ಡ್ರೈವರನ್ನು ಬೈಯುವ ಹಕ್ಕಿಲ್ಲ.

ಯಾವ ಕಡೆಯಿಂದ ಹೊರಡಬೇಕು ಎಂಬುದರಲ್ಲಿ ನನ್ನ ಮಾತು ಕೇಳಿ. ಟ್ರೊಸಾಕ್ಸ್ ಪಿಯರ್ ಇರುವುದು ಪೂರ್ವದ ತುದಿಯಲ್ಲಿ. ಸೀಸನ್ನಿನಲ್ಲಿ ಅಲ್ಲಿಂದ ಸೈಕಲ್ ಹೇರಿಕೊಂಡು ಹೋಗುವ ದೋಣಿಗೆ ಮುಂಚೆಯೇ ಟಿಕೆಟ್ ಮಾಡಿಸಿ, ಪಶ್ಚಿಮದ ಸ್ಟ್ರೊನಾಕ್‌ಲಾಕರ್‌ಗೆ ಹೋಗಿ ಇಳಿಯಿರಿ. ತುಳಿದುಕೊಂಡು ವಾಪಸ್ ಬನ್ನಿ. ಈ ದೇಶದಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುವುದರಿಂದ ಬರುವಾಗ ಅದು ನಿಮ್ಮ ಬೆನ್ನಿಗಿರುತ್ತದೆ. ಈ ನೀರಿನ ಹಳೇ ಉಗಿಹಡಗು ‘ಸರ್ ವಾಲ್ಟರ್ ಸ್ಕಾಟ್’ ಓಡಾಟ ಶುರು ಮಾಡಿದ್ದು 1900ರಲ್ಲಿ. ಡಂಬಾರ್ಟನ್ನಿನಲ್ಲಿ ಕಟ್ಟಿ, ಬಿಚ್ಚಿ, ಲಾಕ್ ಲೋಮಂಡ್‌ನಲ್ಲಿ ದೋಣಿಯ ಮೇಲೆ ತಂದು, ಇನ್‌ವರ್‌ಸ್ನೇಡ್‌ನಿಂದ ಕುದುರೆಗಳಿಂದ ಗುಡ್ಡ ಹತ್ತಿಸಿ ಇಲ್ಲಿ ಮತ್ತೆ ಜೋಡಿಸಿದರು. ಏರಿನಲ್ಲಿ ನಿಮಗೆ ಏದುಸಿರು ಬಂದಾಗ ಆ ಕುದುರೆಗಳನ್ನು ನೆನೆಸಿಕೊಳ್ಳಿ.

ಏರು ಇದೆ. ನಕ್ಷೆಯಲ್ಲಿ ಸರೋವರದ ದಂಡೆ ಅಂದರೆ ಸಪಾಟು ಅಂತ ಕಾಣುತ್ತದೆ. ರಸ್ತೆ ಒಂದೇ ಸಮನೆ ಹತ್ತಿ ಇಳಿಯುತ್ತದೆ. ಗೇರನ್ನು ಏರು ಶುರುವಾಗುವ ಮೊದಲೇ ಬದಲಿಸಿ, ಅರ್ಧಕ್ಕೆ ಹೋಗಿ ಒದ್ದಾಡಬೇಡಿ. ಇಳಿಜಾರಿನ ಕೊನೆಯಲ್ಲಿ ದನ ದಾಟದಂತೆ ಹಾಕಿದ ಕಬ್ಬಿಣದ ಸರಳಿನ ಜಾಲರಿ ಸಿಕ್ಕರೆ, ಅದರ ಮೇಲೆ ಬ್ರೇಕ್ ಹಿಡಿಯಬೇಡಿ, ಓರೆಯಾಗಿಯೂ ಹೋಗಬೇಡಿ. ಮೊದಲೇ ನಿಧಾನಿಸಿ, ನೇರವಾಗಿ ದಾಟಿ. ಮಳೆ ಬಿದ್ದ ಸರಳು ಸೋಪಿನಂತೆ. ನಡುವೆ ಅಂಗಡಿಯಿಲ್ಲ. ಸ್ಟ್ರೊನಾಕ್‌ಲಾಕರ್‌ನ ಕೆಫೆಯಲ್ಲೇ ತಿಂದು, ಬಾಟಲಿ ತುಂಬಿಸಿಕೊಂಡು ಹೊರಡಿ. ಪಂಪು, ಟ್ಯೂಬು, ಎರಡು ಟೈರ್ ಲಿವರು ಇರಲಿ. ಪಂಕ್ಚರ್ ಹಾಕುವುದನ್ನು ಮನೆಯಲ್ಲೇ ಕಲಿತಿರಿ. ಇಲ್ಲಿ ಮೂಲೆ ಮೂಲೆಗೆ ಪಂಕ್ಚರ್ ಶಾಪು ಇಟ್ಟುಕೊಂಡು ಕಾಯುವ ಪುಣ್ಯಾತ್ಮರಿಲ್ಲ.

ಸರೋವರದ ತಲೆಯಲ್ಲಿ ಗ್ಲೆನ್‌ಗೈಲ್ ಸಿಗುತ್ತದೆ. 1671ರಲ್ಲಿ ರಾಬ್ ರಾಯ್ ಮೆಕ್‌ಗ್ರೆಗರ್ ಹುಟ್ಟಿದ್ದು ಅಲ್ಲಿ. ದನ ಕಾಯ್ದವನು, ದನ ಕದ್ದವನು, ಜಮೀನ್ದಾರನ ವಿರುದ್ಧ ತಿರುಗಿಬಿದ್ದವನು. ಕೇಳುವವರ ಮೇಲೆ ಕಳ್ಳನೋ ವೀರನೋ ಎಂಬುದು ಬದಲಾಗುತ್ತದೆ. ಸ್ವಲ್ಪ ಮುಂದೆ, ಪೋರ್ಟ್‌ನೆಲ್ಲನ್ ಬಳಿ, ನೀರಿನೊಳಕ್ಕೆ ಚಾಚಿದ ಕಿರು ದಿಬ್ಬದ ಮೇಲೆ ಮೆಕ್‌ಗ್ರೆಗರ್‌ಗಳ ಸಮಾಧಿಗಳು ಕಲ್ಲಿನ ಗೋಡೆಯೊಳಗಿವೆ. ಗ್ಲಾಸ್ಗೋಗೆ ನೀರು ಬೇಕೆಂದು ಮಟ್ಟ ಏರಿಸಿದಾಗ ಸುತ್ತಲಿನ ತಗ್ಗು ನೆಲ ಮುಳುಗಿತು. ಅಲ್ಲಿ ಸೈಕಲ್ ಒರಗಿಸಿ ಹತ್ತು ನಿಮಿಷ ನಿಲ್ಲಿ. ಲಿಂಗನಮಕ್ಕಿಯಲ್ಲಿ ಮುಳುಗಿದ ಊರುಗಳ ಕಥೆ ಕೇಳಿ ಬೆಳೆದ ಮಲೆನಾಡಿನ ಮಕ್ಕಳಿಗೆ ನಾನು ಹೆಚ್ಚು ವಿವರಿಸಬೇಕಿಲ್ಲ.

ಇದು ರುಚಿಸಿದರೆ ಮುಂದಿನ ಸಲ ಕ್ಯಾಲಂಡರ್ ಊರಿಂದ ಸ್ಟ್ರಾಥೈರ್‌ಗೆ ಹೋಗಿ. ಲಾಕ್ ಲಬ್ನೇಗ್‌ನ ಪಶ್ಚಿಮ ದಂಡೆಗುಂಟ ಆ ದಾರಿ ಬಹುಪಾಲು ಹಳೇ ರೈಲು ಹಾದಿ. ಓಬನ್‌ಗೆ ಹೋಗುತ್ತಿದ್ದ ಆ ರೈಲು 1965ರ ಸೆಪ್ಟೆಂಬರ್‌ನಲ್ಲಿ ಗ್ಲೆನ್ ಓಗಲ್‌ನಲ್ಲಿ ಬಂಡೆ ಕುಸಿದು ನಿಂತದ್ದು ಮತ್ತೆ ಓಡಲಿಲ್ಲ. ಹೇಗೂ ಮುಚ್ಚುವ ಪಟ್ಟಿಯಲ್ಲಿತ್ತು. ಉಗಿಬಂಡಿಗೆ ಕಡಿದಾದ ಏರು ಆಗದು. ಹಾಗಾಗಿ ಹಳಿಯಿದ್ದ ಜಾಗದಲ್ಲೆಲ್ಲ ಮೊಣಕಾಲಿಗೆ ಸುಖ.

ಅಬರ್‌ಫಾಯ್ಲ್ ಸುತ್ತಿನ ಲಾಕ್ ಆರ್ಡ್ ಕಾಡಿನ ಮಣ್ಣುರಸ್ತೆಗಳ ಮಾತೇ ಬೇರೆ. ಸ್ಕಾಟ್ಲೆಂಡಿನಲ್ಲಿ 2003ರ ಭೂ ಸುಧಾರಣೆ ಕಾಯಿದೆಯ ಪ್ರಕಾರ ಜವಾಬ್ದಾರಿಯಿಂದ ನಡೆದುಕೊಳ್ಳುವ ಕಾಲ್ನಡಿಗೆಯವರಿಗೂ ಸೈಕಲ್ಲಿನವರಿಗೂ ಬಹುತೇಕ ಎಲ್ಲ ಕಡೆ ಓಡಾಡುವ ಹಕ್ಕಿದೆ. ಹಕ್ಕಿದೆ ಅಂತ ಮರ ಕಡಿಯುವ ಜಾಗದ ಬೋರ್ಡನ್ನು ದಾಟಬೇಡಿ. ಅದು ನೆಟ್ಟು ಬೆಳೆಸಿ ಕಡಿಯುವ ಸಿಟ್ಕಾ ಸ್ಪ್ರೂಸ್ ಕಾಡು. ದಿಮ್ಮಿ ಹೊತ್ತ ನಿಜವಾದ ಲಾರಿ ಆ ತಿರುವಿನಲ್ಲಿ ಬಂದರೆ ಅದಕ್ಕೆ ನಿಲ್ಲಲು ಜಾಗ ಬೇಕು, ನಿಮಗೆ ಓಡಲು ಜಾಗವಿರುವುದಿಲ್ಲ.

ಹವೆಯ ಬಗ್ಗೆ ಒಂದೇ ಮಾತು: ಬಿಸಿಲಿದ್ದರೂ ಮಳೆಕೋಟು ಚೀಲದಲ್ಲಿರಲಿ. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕು. ಡಿಸೆಂಬರ್‌ನಲ್ಲಿ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಬೇಸಿಗೆಯಲ್ಲಿ ಮಿಜ್ ಎಂಬ ಸಾಸಿವೆಗಿಂತ ಸಣ್ಣ ನೊಣಗಳು ಮುಖಕ್ಕೆ ಮುತ್ತುತ್ತವೆ. ಗಾಳಿಗೆ ಅವು ಹಾರಲಾರವು, ತುಳಿಯುತ್ತಿರುವವರೆಗೆ ಹತ್ತಿರ ಬರಲಾರವು. ಊಟಕ್ಕೆ ಕೂರುವುದಾದರೆ ಗಾಳಿ ಬೀಸುವ ದಂಡೆಯ ಮೇಲೆ ಕೂತುಕೊಳ್ಳಿ. ಮಿಜ್‌ಗಿಂತ ಕೆಟ್ಟದ್ದು ಉಣ್ಣಿ. ನೀಳವಾದ ಹುಲ್ಲಿನಲ್ಲಿ, ಜರೀಗಿಡದಲ್ಲಿ ಕಾದಿದ್ದು ಹತ್ತುತ್ತದೆ. ಮಂಗನ ಕಾಯಿಲೆಯ ಊರಿಂದ ಬಂದವರಿಗೆ ಉಣ್ಣಿ ಹೊಸದಲ್ಲ. ಇಲ್ಲಿನದು ತರುವುದು ಲೈಮ್ ಎಂಬ ಬೇರೆ ರೋಗ. ಮನೆಗೆ ಬಂದ ರಾತ್ರಿ ಸ್ನಾನದ ಹೊತ್ತಿಗೆ ಮೊಣಕಾಲಿನ ಹಿಂಭಾಗ, ತೊಡೆಸಂದು, ಕಂಕುಳು ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಹಿಸುಕದೆ, ಎಣ್ಣೆ ಹಚ್ಚದೆ, ಚಿಮುಟದಲ್ಲಿ ಚರ್ಮಕ್ಕೆ ತಾಗಿದಂತೆ ಹಿಡಿದು ನಿಧಾನವಾಗಿ ಮೇಲಕ್ಕೆಳೆಯಿರಿ. ಮುಂದಿನ ವಾರಗಳಲ್ಲಿ ಆ ಜಾಗದಲ್ಲಿ ಕೆಂಪು ವರ್ತುಲ ಹರಡತೊಡಗಿದರೆ ಡಾಕ್ಟರ ಹತ್ತಿರ ಹೋಗಿ, ಕಾಡಿಗೆ ಹೋಗಿದ್ದೆ ಎಂದು ಹೇಳಿ. ಪರೀಕ್ಷೆ ಮುಗಿಯಲಿ ಎಂದು ಮುಂದೂಡಬೇಡಿ.