ಕ್ಯಾನಿನ ಹಾಲಿಗೂ ಒಂದು ನಂಬರ್ ಇರಲಿ

ನಮ್ಮ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಭಾಗದಲ್ಲಿ ಹಾಲಿಗೆ ಎರಡು ದಾರಿ. ಒಂದು ಡೇರಿಯದು. ಸಂಘಕ್ಕೆ ಹಾಕಿದ್ದು ಧಾರವಾಡ ಹಾಲು ಒಕ್ಕೂಟಕ್ಕೆ ಹೋಗಿ ನಂದಿನಿ ಪ್ಯಾಕೆಟ್ಟಾಗಿ ಊರಿಗೆ ಮರಳುತ್ತದೆ. ಇನ್ನೊಂದು ರತೀಬಿನದು. ಬೈಕಿಗೆ ಕ್ಯಾನ್ ಕಟ್ಟಿಕೊಂಡು ಮನೆಗೆ, ಚಹಾದಂಗಡಿಗೆ, ಹೋಮ್‌ಸ್ಟೇಗೆ ಅಳೆದು ಹಾಕುವ ಹಸಿ ಹಾಲು. ಡೇರಿ ಗಾಡಿ ಮುಟ್ಟದ ಕಾಡಂಚಿನಲ್ಲಿ ಎಮ್ಮೆ ಸಾಕುವ ಗೌಳಿಗರ ಪುಟ್ಟ ವಸತಿಗಳಿಗೆ, ಅಂದರೆ ದಡ್ಡಿಗಳಿಗೆ, ಈ ಎರಡನೆಯದೇ ಆಧಾರ. ನಾನೂ ಎಮ್ಮೆ ಕಟ್ಟಿ ದಾಂಡೇಲಿಗೆ ರತೀಬು ಹಾಕಿದವನು. ‘ಲೈಸೆನ್ಸ್ ಇಲ್ಲದೆ ಹಾಲು ಮಾರಂಗಿಲ್ಲ’ ಎಂಬ ಮಾತು ದಾರಿಯುದ್ದಕ್ಕೂ ಕೇಳಿಬರತೊಡಗಿದಾಗ ನಾವು ಕೆಲವರು ಸೇರಿ, ಕಾನೂನು ಸಡಿಲಿಸಿ ಎಂದು ಮನವಿ ಹಿಡಿದು ತಿರುಗಿದೆವು. ಆಗ ತಿಳಿದುಕೊಂಡದ್ದು ಕ್ಯಾನ್ ಹೊತ್ತು ತಿರುಗುವ ಬೇರೆಯವರಿಗೂ ಉಪಯೋಗವಾದೀತು.

ಮನವಿಯ ಕರಡನ್ನು ಪರಿಚಯದ ವಕೀಲರಿಗೆ ತೋರಿಸಿದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಯಾವ ಕಲಂ ಸಡಿಲ ಆಗಬೇಕು?’ ಉತ್ತರಕ್ಕಾಗಿ ಕೂತು ಓದಬೇಕಾಯಿತು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಹಸಿ ಹಾಲಿನ ಮಾರಾಟವನ್ನು ನಿಷೇಧಿಸಿಲ್ಲ. ಅದರ 31ನೇ ಕಲಂ, ತಾನೇ ತಯಾರಿಸಿ ತಾನೇ ಮಾರುವ ಸಣ್ಣವರಿಗೆ ಲೈಸೆನ್ಸಿನಿಂದ ವಿನಾಯಿತಿ ಕೊಟ್ಟು, ಬರೀ ನೋಂದಣಿ ಸಾಕು ಎನ್ನುತ್ತದೆ. 2011ರ ನಿಯಮಗಳು ಸಣ್ಣವರು ಯಾರು ಎಂಬುದಕ್ಕೆ ವರ್ಷಕ್ಕೆ 12 ಲಕ್ಷ ರೂಪಾಯಿ ವಹಿವಾಟಿನ ಮಿತಿ ಹಾಕಿದವು. ನೋಂದಣಿ ಶುಲ್ಕ ವರ್ಷಕ್ಕೆ 100 ರೂಪಾಯಿ. ಲೀಟರಿಗೆ 60 ರೂಪಾಯಿ ಹಿಡಿದರೂ ದಿನಕ್ಕೆ 50 ಲೀಟರ್ ಮಾರುವವನು ಆ ಮಿತಿಯೊಳಗೇ ಬರುತ್ತಾನೆ. ನಮ್ಮ ದಡ್ಡಿಗಳಲ್ಲಿ ಅಷ್ಟು ಹಾಲು ಮಾರುವ ಮನೆಗಳೇ ಕಡಿಮೆ.

ಸಂಘದ ಸದಸ್ಯರಿಗೆ ಇನ್ನೊಂದು ಅನುಕೂಲವಿದೆ. ಪೂರ್ತಿ ಹಾಲನ್ನು ಸಹಕಾರ ಸಂಘಕ್ಕೇ ಹಾಕುವವರಿಗೆ ನೋಂದಣಿಯೂ ಬೇಡ. ‘ಪೂರ್ತಿ’ ಎಂಬಲ್ಲೇ ತೊಡಕು. ಮುಂಜಾನೆಯದು ಡೇರಿಗೆ, ಸಂಜೆಯದು ರತೀಬಿಗೆ ಎಂದು ಹಂಚುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವರಿಗೆ ಈ ವಿನಾಯಿತಿ ಸಿಗುವುದಿಲ್ಲ. ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನವೂ ಡೇರಿಗೆ ಹಾಕಿದ ಹಾಲಿಗಷ್ಟೇ. ಹಾಗೆಂದು ಡೇರಿಯನ್ನು ವೈರಿ ಮಾಡಿಕೊಂಡರೆ ಊರೇ ಎರಡು ಪಾಲಾಗುತ್ತದೆ. ಡೇರಿ ವಿರುದ್ಧದ ಮಾತುಗಳನ್ನೆಲ್ಲ ಮನವಿಯಿಂದ ತೆಗೆದ ಮೇಲೇ ಸಂಘದ ಸದಸ್ಯರೂ ಸಹಿ ಹಾಕಿದರು.

ಕಾನೂನು ಸಣ್ಣವರ ಪಾಲಿಗೆ ಇಷ್ಟು ಸಡಿಲವಿದ್ದರೆ ಬಿಗಿ ಇರುವುದೆಲ್ಲಿ? ಅದು ಗೊತ್ತಾದದ್ದು ಅರ್ಜಿ ತುಂಬಲು ಕೂತಾಗ. ಅರ್ಜಿ ಆನ್‌ಲೈನ್, ದಡ್ಡಿಯಲ್ಲಿ ನೆಟ್‌ವರ್ಕ್ ಬೇಕಾದರೆ ಗುಡ್ಡ ಹತ್ತಬೇಕು. ವಿಳಾಸದ ದಾಖಲೆ ಬೇಕು. ತಲೆಮಾರುಗಳಿಂದ ಎಮ್ಮೆ ಕಾಯ್ದುಕೊಂಡು ಬಂದ ಎಷ್ಟೋ ಗೌಳಿ ಕುಟುಂಬಗಳು ಕೂತಿರುವುದು ಅರಣ್ಯ ಜಾಗದಲ್ಲಿ, ಪಟ್ಟಾ ಇಲ್ಲ. ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕುಪತ್ರ ಬೇಕೆಂದರೆ ಪರಿಶಿಷ್ಟ ಪಂಗಡದವರಲ್ಲದವರು 75 ವರ್ಷಗಳ ನೆಲೆ ತೋರಿಸಬೇಕು. ಗೌಳಿಗರ ಪರಿಶಿಷ್ಟ ಪಂಗಡದ ಬೇಡಿಕೆ ಹಳೆಯದು, ಇನ್ನೂ ಬೇಡಿಕೆಯಾಗಿಯೇ ಇದೆ. 2007ರಲ್ಲಿ ಅಣಶಿ-ದಾಂಡೇಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, ಈಗ ಅದರ ಹೆಸರು ಕಾಳಿ. ಆ ಗಡಿಯೊಳಗೆ ಮೇವಿಗೆ ಬಿಡುವುದು ಕಷ್ಟವಾದ ಮೇಲೆ ಹಿಂಡುಗಳೂ ಸಣ್ಣವಾದವು. ಹಾಲಿನ ಕಾನೂನಿಗಿಂತ ಜಾಗದ ಕಾಗದವೇ ಅವರನ್ನು ಹೆಚ್ಚು ಕಟ್ಟಿಹಾಕಿದೆ ಎಂಬುದು ಅಲ್ಲಿ ಓಡಾಡಿದವರಿಗಷ್ಟೇ ಗೊತ್ತಾಗುತ್ತದೆ.

ಅದೇ 2011ರ ನಿಯಮದಲ್ಲಿ ಇನ್ನೊಂದು ಮಾತಿದೆ: ನೋಂದಣಿ ಅರ್ಜಿಗೆ 7 ದಿನದೊಳಗೆ ಅಧಿಕಾರಿ ಹೂಂ ಅನ್ನಬೇಕು, ಕಾರಣ ಬರೆದು ಊಹೂಂ ಅನ್ನಬೇಕು, ಇಲ್ಲವೇ ತಪಾಸಣೆಗೆ ನೋಟಿಸ್ ಕೊಡಬೇಕು. ಯಾವುದೂ ಇಲ್ಲದಿದ್ದರೆ ಅರ್ಜಿದಾರ ವ್ಯಾಪಾರ ಶುರು ಮಾಡಬಹುದು. ಈ ಒಂದು ಪ್ಯಾರಾವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಸಂತೆಯಲ್ಲಿ ಹಂಚಿದೆವು. ಯಾವ ಭಾಷಣಕ್ಕೂ ಬರದ ಫಲ ಆ ಚೀಟಿಗೆ ಬಂತು.

ತಪಾಸಣೆಯ ವಿಷಯವನ್ನೂ ಹೇಳಬೇಕು. ಒಂದು ಬೆಳಗ್ಗೆ ದಾಂಡೇಲಿ ರಸ್ತೆಯಲ್ಲಿ ನಮ್ಮ ಜೊತೆಯವನ ಕ್ಯಾನಿಗೆ ಲ್ಯಾಕ್ಟೋಮೀಟರ್ ಬಿತ್ತು. ಆಗಷ್ಟೇ ಕರೆದ ಹಾಲು, ಕ್ಯಾನ್ ಮುಟ್ಟಿದರೆ ಬಿಸಿ. ಡಿಗ್ರಿ ಕೆಳಗೆ ತೋರಿಸಿತು. ‘ನೀರು ಹಾಕೀರಿ’ ಅಂದರು ತಪಾಸಣೆಗೆ ಬಂದ ಅಧಿಕಾರಿ. ‘ಸಾಹೇಬ್ರ, ಕೆಚ್ಚಲ ಬಿಸಿ ಇನ್ನೂ ಆರಿಲ್ರಿ, ಆರಿದ ಮ್ಯಾಲೆ ನೋಡ್ರಿ’ ಅಂದ ಇವನು. ಅವನ ಮಾತು ಸರಿ. ಬಿಸಿ ಹಾಲು ಹಗುರ, ಡಿಗ್ರಿ ಕಡಿಮೆಯೇ ಬರುತ್ತದೆ. ಉಷ್ಣಾಂಶಕ್ಕೆ ತಕ್ಕಂತೆ ಲೆಕ್ಕ ಸರಿಪಡಿಸಿಕೊಳ್ಳಬೇಕು. ಇಂಥಲ್ಲಿ ಬಾಯಿಜಗಳಕ್ಕಿಂತ ಕಾನೂನಿನ ಕ್ರಮ ಕೇಳುವುದು ಮೇಲು. ಅಧಿಕಾರಿ ಸ್ಯಾಂಪಲ್ ತೆಗೆದರೆ ಅದರ ಬೆಲೆ ಕೊಡಬೇಕು, ನಾಲ್ಕು ಪಾಲು ಮಾಡಬೇಕು. ಒಂದು ಪಾಲನ್ನು ಮಾನ್ಯತೆ ಪಡೆದ ಬೇರೆ ಪ್ರಯೋಗಾಲಯಕ್ಕೆ ಕಳಿಸಿ ಎಂದು ಕೇಳುವ ಹಕ್ಕು ಮಾರುವವನಿಗಿದೆ.

ಆದರೆ ಅದೇ ದಿನ ಅಧಿಕಾರಿ ಎತ್ತಿದ ಇನ್ನೊಂದು ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಹಾಲು ತುಳುಕದಿರಲೆಂದು ಕ್ಯಾನಿನೊಳಗೆ ಭತ್ತದ ಹುಲ್ಲಿನ ಸಿಂಬೆ ತೇಲಿಬಿಡುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಹುಲ್ಲಿಗಂಟಿದ ಮಣ್ಣು, ಬೂಷ್ಟು, ಕ್ರಿಮಿ ಎಲ್ಲ ಹಾಲಿಗೇ ಇಳಿಯುತ್ತವೆ. ಪ್ಲಾಸ್ಟಿಕ್ ಕ್ಯಾನಿನ ಒಳಮೈ ಗೀರಿನಲ್ಲಿ ನಿನ್ನೆಯ ಹಾಲು ಉಳಿದು ಇವತ್ತಿನದನ್ನು ಹುಳಿ ಮಾಡುತ್ತದೆ. ಹುಲ್ಲು ಬಿಟ್ಟು, ಬಿಗಿ ಮುಚ್ಚಳದ ಸ್ಟೀಲ್ ಕ್ಯಾನ್ ಹಿಡಿದ ಮೇಲೆ ಬೇಸಿಗೆಯಲ್ಲಿ ಹಾಲು ಒಡೆಯಿತೆಂಬ ಗಿರಾಕಿಗಳ ದೂರೂ ಕಡಿಮೆಯಾಯಿತು.

ಮನವಿಗೆ ಬಲ ಬರಲೆಂದು ಒಬ್ಬ ತರುಣ ಅಮೆರಿಕದ ಹಸಿ ಹಾಲಿನ ಚಳವಳಿಯ ಕತೆ ತಂದ. ಅಲ್ಲಿ 1987ರಿಂದ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹಸಿ ಹಾಲು ಮಾರುವಂತಿಲ್ಲ; ಸ್ಕಾಟ್ಲೆಂಡಿನಲ್ಲಿ 1983ರಿಂದಲೇ ನಿಷೇಧ. ಅಲ್ಲಿಯವರ ಹೋರಾಟ ಕಾಯಿಸದೆ ಕುಡಿಯುವ ಹಕ್ಕಿಗಾಗಿ. ನಮ್ಮ ಗಿರಾಕಿ ಹಾಲು ತಂದ ಕೂಡಲೇ ಒಲೆಗಿಡುತ್ತಾನೆ. ಕಂದು ರೋಗ ಎನ್ನುವ ಬ್ರುಸೆಲ್ಲೋಸಿಸ್, ಕ್ಷಯ ಹಸಿ ಹಾಲಿನಿಂದ ಮನುಷ್ಯರಿಗೆ ಬರುತ್ತವೆ, ಕುದಿಸಿದರೆ ಆ ಕ್ರಿಮಿಗಳು ಸಾಯುತ್ತವೆ. ಆದ್ದರಿಂದ ಆ ವಾದವನ್ನು ನಾವು ಎತ್ತಿಕೊಳ್ಳಲಿಲ್ಲ. ಬದಲಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ದೇಶವ್ಯಾಪಿ ಹಾಲಿನ ಸಮೀಕ್ಷೆಯನ್ನು ಮುಂದಿಟ್ಟೆವು. 6,432 ಸ್ಯಾಂಪಲ್‌ಗಳಲ್ಲಿ ಅಪಾಯಕಾರಿ ಕಲಬೆರಕೆ ಸಿಕ್ಕಿದ್ದು 12ರಲ್ಲಿ. ಮೇವಿನ ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ಮಿತಿ ಮೀರಿದ್ದು ಶೇ. 5.7ರಲ್ಲಿ, ಅದೂ ಹಸಿ ಹಾಲಿಗಿಂತ ಸಂಸ್ಕರಿಸಿದ ಹಾಲಿನಲ್ಲೇ ಹೆಚ್ಚು. ಕ್ಯಾನಿನ ಹಾಲೆಂದರೆ ಕಲಬೆರಕೆ ಎಂಬ ಮಾತಿಗೆ ಇದಕ್ಕಿಂತ ಉತ್ತರ ಬೇಕಿರಲಿಲ್ಲ.

ಕಾನೂನಿನ ಒಂದಕ್ಷರವೂ ಬದಲಾಗಲಿಲ್ಲ. ಬದಲಾದದ್ದು ನಮ್ಮ ಬೇಡಿಕೆ. ಈಗ ಕೇಳುವುದು ಮೂರು: ಅರ್ಜಿ ತುಂಬಿಸುವ ಶಿಬಿರ ದಡ್ಡಿಗೇ ಬರಲಿ, ಪಟ್ಟಾ ಇಲ್ಲದವರಿಗೆ ಮತದಾರರ ಚೀಟಿ, ಪಡಿತರ ಚೀಟಿಯನ್ನೇ ವಿಳಾಸವೆಂದು ಒಪ್ಪಲಿ, 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಹೆಣ್ಣುಕರುಗಳಿಗೆ ಹಾಕುವ ಕಂದು ರೋಗದ ಲಸಿಕೆ ಕಾಡೊಳಗಿನ ಹಿಂಡಿಗೂ ತಲುಪಲಿ. ಹಾಲು ಮಾರುವ ಗೆಳೆಯರಿಗೆ ನನ್ನ ಮಾತು ಇಷ್ಟೇ: 100 ರೂಪಾಯಿ ಕಟ್ಟಿ ನೋಂದಣಿ ಮಾಡಿಸಿ, ಆ 14 ಅಂಕಿಯ ನಂಬರನ್ನು ಕ್ಯಾನಿನ ಮೇಲೆ ಬರೆಸಿ. ಆಮೇಲೆ ದಾರಿಯಲ್ಲಿ ಯಾರು ತಡೆದರೂ ಕಾಗದ ತೋರಿಸಿ ಮಾತಾಡಬಹುದು.