ಗಣಕಯಂತ್ರದಲ್ಲಿ ಕಾಣಿಸಿಕೊಳ್ಳುವ ಅಪರಿಚಿತ ಕಡತಗಳು

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಈ ನಾಲ್ಕು ತಾಲ್ಲೂಕುಗಳ ಉಪಾಧ್ಯಾಯರ ಮನೆಗಳಲ್ಲಿ ಗಣಕಯಂತ್ರವು ಇಂದು ಅಪರೂಪದ ವಸ್ತುವಲ್ಲ. ಪ್ರಶ್ನೆಪತ್ರಿಕೆ, ಅಂಕಪಟ್ಟಿ, ವಾರ್ಷಿಕೋತ್ಸವದ ಛಾಯಾಚಿತ್ರಗಳು, ದಾನಿಗಳ ನಾಮಾವಳಿ ಇವೆಲ್ಲವೂ ಪೆನ್‌ಡ್ರೈವಿನಲ್ಲಿ ಶಾಲೆಯಿಂದ ಮನೆಗೆ, ಮನೆಯಿಂದ ಪೇಟೆಯ ಡಿ.ಟಿ.ಪಿ. ಅಂಗಡಿಗೆ, ಅಲ್ಲಿಂದ ಮರಳಿ ಮನೆಗೆ ಸಂಚರಿಸುತ್ತಲೇ ಇರುತ್ತವೆ. ಹೀಗಿರುವಾಗ ಒಂದು ದಿನ ಯಾರೂ ಬರೆಯದ, ಯಾರಿಗೂ ಗುರುತಿಲ್ಲದ ಹೆಸರಿನ ಕಡತವೊಂದು ಪರದೆಯ ಮೇಲೆ ಕಾಣಿಸಿಕೊಳ್ಳುವುದುಂಟು. ಆಗ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ. ತೆರೆದು ನೋಡೋಣವೆಂಬುದು ಒಂದು. ವೈರಸ್ ಇದ್ದೀತು, ಅಳಿಸಿಬಿಡಿ ಎಂಬುದು ಇನ್ನೊಂದು. ಎರಡೂ ಆತುರದ ಮಾತುಗಳೇ.

ತೆರೆದು ನೋಡಿದವರ ಪಾಡು 2000ದ ಮೇ ತಿಂಗಳಲ್ಲಿ ಜಗತ್ತಿಗೇ ತಿಳಿಯಿತು. ಪ್ರೇಮಪತ್ರವೆಂಬ ಹೆಸರು ಹೊತ್ತು ಇ-ಮೇಲಿನಲ್ಲಿ ಬಂದ ಆ ಕಡತದ ಹೆಸರಿನಲ್ಲಿ ಮೊದಲು ‘ಟಿ.ಎಕ್ಸ್.ಟಿ.’ ಎಂದೂ ಅದರ ಹಿಂದೆ ‘ವಿ.ಬಿ.ಎಸ್.’ ಎಂದೂ ಇತ್ತು. ಎಕ್ಸ್‌ಟೆನ್ಷನ್ ಎನಿಸುವ ಈ ಕೊನೆಯ ಭಾಗವನ್ನು ವಿಂಡೋಸ್ ಸಾಮಾನ್ಯವಾಗಿ ಮರೆಮಾಡುವುದರಿಂದ ಜನರು ಅದನ್ನು ಬರಿಯ ಬರಹವೆಂದು ಭಾವಿಸಿದರು. ತೆರೆದಾಗ ಅದು ಆಜ್ಞಾವಳಿಯಾಗಿ ಓಡಿ, ಕಡತಗಳನ್ನು ಕೆಡಿಸಿ, ಪರಿಚಿತರ ವಿಳಾಸಗಳಿಗೆಲ್ಲ ತನ್ನನ್ನು ತಾನೇ ಕಳುಹಿಸಿಕೊಂಡಿತು. ಅಳಿಸಿದವರ ಕಥೆ ಇನ್ನೂ ವಿಚಿತ್ರವಾದುದು. 2002ರಲ್ಲಿ, ಪುಟ್ಟ ಕರಡಿಯ ಚಿತ್ರವುಳ್ಳ ಒಂದು ಕಡತ ನಿಮ್ಮ ಯಂತ್ರದಲ್ಲಿದ್ದರೆ ಅದು ವೈರಸ್, ಕೂಡಲೇ ಅಳಿಸಿ ಎಂಬ ಸಂದೇಶ ಹಬ್ಬಿತು. ಹುಡುಕಿದವರಿಗೆ ಕರಡಿ ಸಿಕ್ಕಿಯೇ ಸಿಕ್ಕಿತು, ಏಕೆಂದರೆ ಅದು ವಿಂಡೋಸಿನೊಂದಿಗೇ ಬಂದಿದ್ದ ನಿರಪರಾಧಿ ಕಡತ. ಅಂದು ಕೇಡು ಮಾಡಿದ್ದು ಕಡತವಲ್ಲ, ಸಂದೇಶ. ಅಳಿಸಿದ ಕೈ ಮಾತ್ರ ಮನೆಯವರದೇ.

ಆದುದರಿಂದ ತೆರೆಯುವುದಕ್ಕೂ ಅಳಿಸುವುದಕ್ಕೂ ಮೊದಲು ಗುರುತಿಸುವ ಕೆಲಸವಿದೆ. ಬಿ. ಎಲ್. ರೈಸ್ ಅವರು 1904ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ 12ನೆಯ ಸಂಪುಟದಲ್ಲಿ ತುಮಕೂರು ಜಿಲ್ಲೆಯ ಶಾಸನಗಳಿವೆ. ಶಿರಾ, ಪಾವಗಡ, ಮಧುಗಿರಿಗಳ ಶಾಸನಗಳಿಗೆ ಅಲ್ಲಿ ತಾಲ್ಲೂಕುವಾರು ಸಂಖ್ಯೆ ಕೊಟ್ಟು, ಇಂಥ ಊರಿನ ಇಂಥ ಸ್ಥಳದಲ್ಲಿರುವ ಕಲ್ಲು ಎಂದು ಮೊದಲು ಹೇಳಿ, ಅನಂತರ ಪಾಠವನ್ನು ನೀಡಲಾಗಿದೆ. ಕಡತದ ವಿಷಯದಲ್ಲಿಯೂ ಮೊದಲು ಕೇಳಬೇಕಾದುದು ಅದು ಎಲ್ಲಿದೆ ಎಂಬುದನ್ನೇ. ‘ಸಿ’ ಡ್ರೈವಿನ ಬುಡದಲ್ಲಿ ಹಲವು ಗಿಗಾಬೈಟುಗಳಷ್ಟು ಜಾಗವನ್ನು ಹಿಡಿದಿರುವ ‘ಪೇಜ್‌ಫೈಲ್’ ಮತ್ತು ‘ಹೈಬರ್‌ಫಿಲ್’ ಎಂಬುವು ಯಂತ್ರವು ತನ್ನ ನೆನಪಿನ ಸಹಾಯಕ್ಕಾಗಿ ಇಟ್ಟುಕೊಂಡವು. ಚಿತ್ರಗಳ ಫೋಲ್ಡರಿನಲ್ಲಿ ಕಾಣುವ ‘ಥಂಬ್ಸ್ ಡಿ.ಬಿ.’ ಆ ಚಿತ್ರಗಳ ಕಿರುರೂಪಗಳ ಭಂಡಾರ. ಇವೇ ಹೆಸರುಗಳು ಇರಬಾರದ ಜಾಗದಲ್ಲಿ ಕಂಡಾಗ ಮಾತ್ರ ಸಂಶಯಕ್ಕೆ ಆಸ್ಪದವಿದೆ.

ಎರಡನೆಯದು ಕಾಲ. ಕಡತದ ಮೇಲೆ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ ನೋಡಿದರೆ ಅದು ಹುಟ್ಟಿದ ದಿನ, ಗಳಿಗೆ ತಿಳಿಯುತ್ತದೆ. ಆ ಗಳಿಗೆಯಲ್ಲಿ ಮನೆಯಲ್ಲಿ ಏನಾಯಿತೆಂದು ನೆನಪಿಸಿಕೊಂಡರೆ ಅರ್ಧ ರಹಸ್ಯ ಬಯಲಾದಂತೆ. ಪಾವಗಡದ ತಿರುಮಣಿಯ ಸೌರವಿದ್ಯುತ್ ಉದ್ಯಾನದ ಸಾಮರ್ಥ್ಯ 2,050 ಮೆಗಾವ್ಯಾಟ್ ಆದರೂ ಮನೆಯ ಕರೆಂಟು ತನಗೆ ತೋಚಿದಾಗ ಹೋಗಿಬರುತ್ತದೆ. ವರ್ಡ್‌ನಲ್ಲಿ ಬರೆಯುತ್ತಿರುವಾಗ ಹಾಗಾದರೆ, ಅಲೆಗೆರೆ ಮತ್ತು ಡಾಲರ್ ಚಿಹ್ನೆಗಳಿಂದ ಹೆಸರು ಆರಂಭವಾಗುವ ಪುಟ್ಟ ಕಡತವೊಂದು ಉಳಿದುಬಿಡುತ್ತದೆ. ದಸ್ತಾವೇಜನ್ನು ತೆರೆದಿರುವವರು ಯಾರೆಂದು ಗುರುತಿಡಲು ವರ್ಡ್ ಮಾಡಿಕೊಂಡ ಚೀಟಿ ಅದು; ಮೂಲ ಬರಹವು ಸುರಕ್ಷಿತವಾಗಿದ್ದು ವರ್ಡ್ ಮುಚ್ಚಿದ್ದರೆ ಅದನ್ನು ಅಳಿಸಬಹುದು. ಆದರೆ ‘ಫೌಂಡ್ 000’ ಎಂಬ ಫೋಲ್ಡರನ್ನೂ ಅದರಲ್ಲಿರುವ ‘ಸಿ.ಎಚ್.ಕೆ.’ ಕಡತಗಳನ್ನೂ ಹಾಗೆ ಅಳಿಸಬಾರದು. ಡಿಸ್ಕನ್ನು ತಪಾಸಣೆ ಮಾಡುವಾಗ ಹೆಸರು ಕಳೆದುಕೊಂಡು ದೊರೆತ ಚೂರುಗಳನ್ನು ಯಂತ್ರವು ಅಲ್ಲಿ ಕೂಡಿಟ್ಟಿರುತ್ತದೆ. ಕಾಣೆಯಾದ ಛಾಯಾಚಿತ್ರಗಳು ಅಲ್ಲಿಯೇ ಇದ್ದಾವು.

ಹೆಸರಿಲ್ಲದ ಚೂರು ಏನೆಂದು ತಿಳಿಯುವುದು ಹೇಗೆ? ವಚನಗಳನ್ನು ಬಲ್ಲವರಿಗೆ ಇದು ಕಷ್ಟವಲ್ಲ. ವಚನಕಾರರ ಹೆಸರು ಬರೆಯದಿದ್ದರೂ ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣನವರದು, ಗುಹೇಶ್ವರ ಎಂದಿದ್ದರೆ ಅಲ್ಲಮಪ್ರಭುಗಳದು, ಚೆನ್ನಮಲ್ಲಿಕಾರ್ಜುನ ಎಂದಿದ್ದರೆ ಅಕ್ಕಮಹಾದೇವಿಯವರದು ಎಂದು ಅಂಕಿತದಿಂದ ತಿಳಿಯುತ್ತದೆ. ಕಡತಗಳಿಗೂ ಅಂಕಿತವುಂಟು, ಅದು ಕೊನೆಯಲ್ಲಿ ಬಾರದೆ ಮೊದಲಲ್ಲಿ ಬರುತ್ತದೆ, ಅಷ್ಟೇ. ಕಡತದ ಮೇಲೆ ನೇರವಾಗಿ ಕ್ಲಿಕ್ ಮಾಡದೆ, ನೋಟ್‌ಪ್ಯಾಡನ್ನು ಮೊದಲು ತೆರೆದು ಅದರೊಳಗಿನಿಂದ ಕಡತವನ್ನು ತೆರೆದರೆ ಆಜ್ಞಾವಳಿ ಓಡುವುದಿಲ್ಲ, ಅಕ್ಷರಗಳು ಮಾತ್ರ ಕಾಣುತ್ತವೆ. ಮೊದಲಲ್ಲಿ ‘ಪಿ.ಡಿ.ಎಫ್.’ ಎಂದಿದ್ದರೆ ಅದು ಪಿ.ಡಿ.ಎಫ್. ಪುಟ. ಮೊದಲ ಕೆಲವೇ ಅಕ್ಷರಗಳೊಳಗೆ ‘ಜೆ.ಎಫ್.ಐ.ಎಫ್.’ ಅಥವಾ ‘ಎಕ್ಸಿಫ್’ ಎಂದಿದ್ದರೆ ಛಾಯಾಚಿತ್ರ. ‘ಪಿ.ಕೆ.’ ಎಂದಿದ್ದರೆ ಜಿಪ್ ಗಂಟು. ಆ ವಿಧಾನವನ್ನು ರೂಪಿಸಿದ ಫಿಲ್ ಕಾಟ್ಸ್ ಅವರ ಹೆಸರಿನ ಮೊದಲಕ್ಷರಗಳವು. ಇಂದಿನ ವರ್ಡ್ ದಸ್ತಾವೇಜುಗಳೂ ಒಳಗೆ ಇಂಥ ಗಂಟುಗಳೇ ಆದುದರಿಂದ ಅವಕ್ಕೂ ಇದೇ ಗುರುತು. ‘ಎಂ.ಜೆಡ್.’ ಎಂದು ಆರಂಭವಾದರೆ ಮಾತ್ರ ಎಚ್ಚರ: ಅದು ಓಡಬಲ್ಲ ಪ್ರೋಗ್ರಾಮು. ಮೈಕ್ರೋಸಾಫ್ಟಿನ ಮಾರ್ಕ್ ಝ್ಬಿಕೋವ್‌ಸ್ಕಿ ಅವರ ಹೆಸರಿನ ಗುರುತು ಅದು. ಹೆಸರು ಮದುವೆಯ ಕರೆಯೋಲೆಯೆಂದಿದ್ದು ಅಂಕಿತ ‘ಎಂ.ಜೆಡ್.’ ಎಂದಿದ್ದರೆ ಅದು ಕರೆಯೋಲೆಯಲ್ಲ. ನೋಡಿದ ಬಳಿಕ ನೋಟ್‌ಪ್ಯಾಡಿನಲ್ಲಿ ‘ಸೇವ್’ ಒತ್ತಬಾರದು. ಒತ್ತಿದರೆ ಮೂಲವೇ ಕೆಡುತ್ತದೆ.

ಪೆನ್‌ಡ್ರೈವಿನಲ್ಲಿದ್ದ ಫೋಲ್ಡರುಗಳೆಲ್ಲ ಮಾಯವಾಗಿ, ಅವುಗಳ ಹೆಸರಿನಲ್ಲಿಯೇ ಬಾಣದ ಗುರುತಿನ ಶಾರ್ಟ್‌ಕಟ್‌ಗಳು ಕಾಣಿಸುವುದು ನಿಜವಾದ ಸೋಂಕಿನ ಲಕ್ಷಣ. ಆದರೆ ಅಲ್ಲಿಯೂ ಮೂಲ ಫೋಲ್ಡರುಗಳು ಸಾಮಾನ್ಯವಾಗಿ ಅಳಿದಿರುವುದಿಲ್ಲ, ಅಡಗಿಸಲ್ಪಟ್ಟಿರುತ್ತವೆ. ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿಬಿಡಿ ಎಂಬ ಸಲಹೆಯನ್ನು ಕೇಳಿ ಒಂದು ತರಗತಿಯ ವರ್ಷವಿಡೀ ಅಂಕಗಳನ್ನು ಕಳೆದುಕೊಳ್ಳುವುದು ಬೇಡ. ಭಾರತ ಸರ್ಕಾರವು 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಮೂಲಕ ಸೋಂಕು ತೆಗೆಯುವ ಸಾಧನಗಳು ಉಚಿತವಾಗಿ ದೊರೆತಿವೆ. ಸೋಂಕು ತೆಗೆದ ಮೇಲೆ ಅಡಗಿದ ಫೋಲ್ಡರುಗಳನ್ನು ‘ಆಟ್ರಿಬ್’ ಆಜ್ಞೆಯಿಂದ ಮರಳಿ ಕಾಣುವಂತೆ ಮಾಡಬಹುದು. ಸಂಶಯದ ಕಡತವನ್ನು ‘ವೈರಸ್ ಟೋಟಲ್’ ತಾಣದಲ್ಲಿ ಪರೀಕ್ಷಿಸುವ ಅನುಕೂಲವೂ ಇದೆ. ಆದರೆ ಅಲ್ಲಿಗೆ ಏರಿಸಿದ್ದನ್ನು ಪರರೂ ನೋಡಬಹುದಾದ್ದರಿಂದ ಮಕ್ಕಳ ಅಂಕಪಟ್ಟಿ, ದಾನಿಗಳ ವಿಳಾಸಗಳನ್ನು ಏರಿಸತಕ್ಕದ್ದಲ್ಲ.

ಇನ್ನು ಕನ್ನಡಿಗರ ಮನೆಗಳಿಗೇ ವಿಶಿಷ್ಟವಾದ ಒಂದು ಜಾತಿಯ ಕಡತವಿದೆ. ತೆರೆದರೆ ಕನ್ನಡವೂ ಇಲ್ಲ, ಇಂಗ್ಲಿಷೂ ಇಲ್ಲ: ದೊಡ್ಡ ‘ಪಿ’, ತಲೆಯ ಮೇಲೆ ಓರೆಗೆರೆಯ ದೊಡ್ಡ ‘ಎ’, ಪೌಂಡ್ ನಾಣ್ಯದ ಚಿಹ್ನೆ, ಮತ್ತೆ ಅದೇ ‘ಎ’. ಇದನ್ನು ಕಂಡವರು ವೈರಸ್ ತಿಂದಿದೆಯೆಂದು ಅಳಿಸುತ್ತಾರೆ. ವಾಸ್ತವವಾಗಿ ಅದು ‘ಕನ್ನಡ’ ಎಂಬ ಶಬ್ದದ ಆರಂಭ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಹಳೆಯ ವಿಧಾನದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಮುಂತಾದ ಯುರೋಪಿನ ಲಿಪಿಚಿಹ್ನೆಗಳ ಸ್ಥಾನದಲ್ಲಿ ಕೂರಿಸಲಾಗಿತ್ತು. ಓರೆಗೆರೆಯ ‘ಎ’ ಎಂಬುದು ತಲೆಕಟ್ಟಿನ ಸ್ಥಾನ. ನುಡಿ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತುಂಡುಗಳು ತಮ್ಮ ಎರವಲು ವೇಷದಲ್ಲಿಯೇ ಕಾಣುತ್ತವೆ. 1998ರಲ್ಲಿ ಹೊರಬಂದ ‘ಬರಹ’ದ ಹಳೆಯ ಕಡತಗಳಲ್ಲಿಯೂ ಇದೇ ಬಗೆಯ ತೊಡಕು. ಯೂನಿಕೋಡ್ ವಿಧಾನದ ಬರಹ ಕೆಟ್ಟು ಕಂಡರೆ ಅದರ ಲಕ್ಷಣವೇ ಬೇರೆ: ಓರೆಗೆರೆಯ ಸಣ್ಣ ‘ಎ’ ಮತ್ತೆ ಮತ್ತೆ ಬಂದು, ಅದರ ಪಕ್ಕದಲ್ಲಿ ಮೇಲಕ್ಕೆ ಬರೆದ ಸಣ್ಣ 2 ಅಥವಾ 3 ಇದ್ದರೆ ಕನ್ನಡ, ಡಿಗ್ರಿಯ ಚಿಹ್ನೆ ಅಥವಾ ಕೂಡು-ಕಳೆ ಚಿಹ್ನೆ ಇದ್ದರೆ ತೆಲುಗು. ಪಾವಗಡದ ಮನೆಗಳಲ್ಲಿ ಅಕ್ಕಪಕ್ಕ ಕೇಳಿಬರುವ ಈ ಎರಡು ಭಾಷೆಗಳ ಲಿಪಿಗಳು ಯೂನಿಕೋಡಿನ ಕೋಷ್ಟಕದಲ್ಲಿಯೂ ಅಕ್ಕಪಕ್ಕದಲ್ಲಿಯೇ ಇವೆ.

ಫ. ಗು. ಹಳಕಟ್ಟಿಯವರು ಮನೆಮನೆಗಳಲ್ಲಿದ್ದ ತಾಳೆಗರಿಯ ಕಟ್ಟುಗಳನ್ನು ಅರಸಿ, ಬಿಚ್ಚಿ, ಓದಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಓದಲಾಗದ ಕಟ್ಟು ನಿರುಪಯುಕ್ತವೆಂದು ಅವರು ಎಣಿಸಿದ್ದರೆ ಇಂದಿನ ಪಠ್ಯಪುಸ್ತಕಗಳ ಹಲವು ಪುಟಗಳು ಖಾಲಿಯಾಗಿರುತ್ತಿದ್ದವು. ಹಳೆಯ ವಿದ್ಯಾರ್ಥಿಗಳ ಪಟ್ಟಿ, ಹಿಂದಿನ ಸ್ಮರಣ ಸಂಚಿಕೆಗಳ ಲೇಖನಗಳು, ನಿವೃತ್ತ ಉಪಾಧ್ಯಾಯರು ಬರೆದಿಟ್ಟ ಊರಿನ ಇತಿಹಾಸ ಇವುಗಳಲ್ಲಿ ಎಷ್ಟೋ ಭಾಗ ಈಗ ಇಂಥ ಓರೆಗೆರೆಯ ‘ಎ’ಗಳ ಹಿಂದೆ ಅಡಗಿದೆ. ಅವನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಮೂಲದ ಒಂದು ಪ್ರತಿಯನ್ನು ಬೇರೆಡೆ ಇಟ್ಟು, ಪ್ರತಿಯನ್ನು ಮಾತ್ರ ಪರಿವರ್ತಿಸಬೇಕು. ಅರ್ಕಾವತ್ತು ಮತ್ತು ಒತ್ತಕ್ಷರಗಳು ಕೆಲವೊಮ್ಮೆ ಸ್ಥಳ ತಪ್ಪುವುದರಿಂದ, ಮುಖ್ಯವಾಗಿ ‘ಧರ್ಮ’, ‘ಕರ್ತೃ’ ಮೊದಲಾದ ಶಬ್ದಗಳನ್ನೂ ವ್ಯಕ್ತಿನಾಮಗಳನ್ನೂ ಕಣ್ಣಿಟ್ಟು ತಿದ್ದಿದ ನಂತರವೇ ಅಚ್ಚಿಗೆ ಕಳುಹಿಸಬೇಕು.