ಮೂಳೆಯ ತಾಳ್ಮೆ

ಹಾಸನದಿಂದ ಅರಸೀಕೆರೆಯ ಕಡೆಗೆ ಸುಮಾರು ಹತ್ತು ಕಿಲೋಮೀಟರ್ ಸಾಗಿದರೆ ಕೊರವಂಗಲ ಸಿಗುತ್ತದೆ. ಹೊಯ್ಸಳ ದೊರೆ ಎರಡನೆಯ ವೀರಬಲ್ಲಾಳನು ಪಟ್ಟವೇರಿದ 1173ರಲ್ಲಿ ಬೂಚಿರಾಜನು ಕಟ್ಟಿಸಿದ ಬೂಚೇಶ್ವರ ದೇವಾಲಯವು ಈ ಊರಿನ ಹೆಮ್ಮೆ. ಅಲ್ಲಿಯ ಗೋಡೆಗಳ ಮೇಲಿನ ಮೂರ್ತಿಗಳು ಎಂಟು ಶತಮಾನಗಳಿಂದಲೂ ಇಟ್ಟ ಹೆಜ್ಜೆ ಕೀಳದೆ ನಿಂತಿವೆ. ಕಲ್ಲಿನ ಕಾಲು ಮುರಿದರೆ ಮುರಿದಂತೆಯೇ. ಮನುಷ್ಯನ ಕಾಲು ಹಾಗಲ್ಲ. ಮುರಿದರೂ ಮತ್ತೆ ಕೂಡಿಕೊಳ್ಳುವ ಶಕ್ತಿ ಅದಕ್ಕುಂಟು. ಆದರೆ ಕೂಡುವುದಕ್ಕೆ ಕಾಲ ಬೇಕು.

ಇಂತಹ ಊರಿನ ರೈತನೊಬ್ಬನ ಸಂದರ್ಭವನ್ನು ಊಹಿಸಿಕೊಳ್ಳಬಹುದು. ಮುಂಗಾರಿನ ಮಳೆ ಬಿದ್ದಿದೆ. ಹೊಲದ ಬದುವಿನ ಮೇಲೆ ನಡೆಯುವಾಗ ಅವನ ಪಾದ ಹೊರಮಗ್ಗುಲಿಗೆ ಹೊರಳುತ್ತದೆ. "ಉಳುಕಿದೆ ಅಷ್ಟೆ ಕಣಪ್ಪ, ಹರಳೆಣ್ಣೆ ಹಚ್ಚಿ ನೀವಿದರೆ ಹೋಗುತ್ತದೆ" ಎನ್ನುತ್ತಾಳೆ ತಾಯಿ. ಅವನು ಕುಂಟುತ್ತಲೇ ಆರಂಬ ಮಾಡುತ್ತಾನೆ. ಎರಡು ವಾರ ಕಳೆದರೂ ಬಾವು ಇಳಿಯುವುದಿಲ್ಲ. ಕೊನೆಗೆ ಹಾಸನದ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆದಾಗ ಮೂಳೆ ಮುರಿದಿರುವುದು ಕಾಣುತ್ತದೆ.

"ಇಷ್ಟು ದಿನ ಈ ಕಾಲಿನ ಮೇಲೆಯೇ ನಡೆದಿರಾ?" ಎಂದು ವೈದ್ಯರು ಕೇಳುತ್ತಾರೆ.

"ನಡೆಯದಿದ್ದರೆ ಹೊಲ ಕೇಳುತ್ತದೆಯೇ, ಸ್ವಾಮಿ?" ಎನ್ನುತ್ತಾನೆ ರೈತ.

ಆ ಒಂದು ಮಾತಿನಲ್ಲಿ ಅವನ ಕಷ್ಟವೆಲ್ಲ ಅಡಗಿದೆ. ನಡೆದರೆ ಮೂಳೆ ಕೂಡದು. ನಡೆಯದಿದ್ದರೆ ವರ್ಷದ ಬೆಳೆ ಕೈಗೆ ಬಾರದು.

ವಯಸ್ಕನ ದೇಹದಲ್ಲಿ 206 ಮೂಳೆಗಳಿವೆ. ಒಂದೊಂದು ಪಾದದಲ್ಲಿ 26ರಂತೆ ಎರಡು ಪಾದಗಳಲ್ಲಿಯೇ 52 ಮೂಳೆಗಳಿವೆ. ಎಂದರೆ ಒಟ್ಟು ಮೂಳೆಗಳಲ್ಲಿ ಕಾಲುಭಾಗ! ಇವುಗಳಲ್ಲಿ ಕಿರುಬೆರಳಿನ ಹಿಂದೆ, ಪಾದದ ಹೊರ ಅಂಚಿನಲ್ಲಿ, ನೀಳವಾದ ಮೂಳೆಯೊಂದಿದೆ. ಅದರ ಬುಡದ ಬಳಿ ಆಗುವ ಒಂದು ಬಗೆಯ ಮುರಿತವು ಬೇಗನೆ ಕೂಡದೆಂದು ಹೆಸರಾಗಿದೆ.

ಈ ಮುರಿತವನ್ನು ಲೋಕಕ್ಕೆ ಪರಿಚಯಿಸಿದವನು ಲಿವರ್‌ಪೂಲಿನ ಶಸ್ತ್ರವೈದ್ಯ ರಾಬರ್ಟ್ ಜೋನ್ಸ್ (1857-1933). ನೃತ್ಯ ಮಾಡುತ್ತಿದ್ದಾಗ, ಹಿಮ್ಮಡಿ ಮೇಲೆದ್ದಿದ್ದ ಕ್ಷಣದಲ್ಲಿ, ಅವನ ಪಾದದ ಹೊರ ಅಂಚಿನ ಮೇಲೆ ಭಾರ ಬಿದ್ದಿತು. ಹೊರಗಿನ ಪೆಟ್ಟೇನೂ ಇರಲಿಲ್ಲ. ಸ್ನಾಯುರಜ್ಜು ಹರಿದಿರಬೇಕೆಂದು ಅವನೂ ಎಣಿಸಿದನು. ರಾಂಟ್‌ಜನ್ ಎಂಬ ವಿಜ್ಞಾನಿಯು 1895ರಲ್ಲಿ ಕಂಡುಹಿಡಿದ ಎಕ್ಸ್-ಕಿರಣವು ಅವನ ಊಹೆಯನ್ನು ಸುಳ್ಳುಮಾಡಿತು. ತನ್ನ ನೋವನ್ನೇ ಪಾಠವಾಗಿಸಿಕೊಂಡ ಅವನು, ಅಂತಹವೇ ಬೇರೆ ಪ್ರಸಂಗಗಳನ್ನೂ ಸೇರಿಸಿ 1902ರಲ್ಲಿ ಲೇಖನ ಪ್ರಕಟಿಸಿದನು. ಇಂದಿಗೂ ಈ ಮುರಿತಕ್ಕೆ ಅವನದೇ ಹೆಸರು. ವೈದ್ಯನೇ ಬೇರೇನೋ ಎಂದು ಭ್ರಮಿಸಿದ ಮೇಲೆ ರೈತನ ತಾಯಿಯನ್ನು ದೂರುವಂತಿಲ್ಲ.

ಈ ಮೂಳೆ ನಿಧಾನವಾಗಿ ಕೂಡುವುದೇಕೆ? ಗಾಯ ಮಾಯಲು ರಕ್ತ ಬೇಕು. ಕಾಲುವೆಯ ಕೊನೆಯ ಗದ್ದೆಗೆ ನೀರು ಸಾಲದೆ ಹೋಗುವಂತೆ, ಮೂಳೆಯ ಆ ಭಾಗಕ್ಕೆ ರಕ್ತದ ಪೂರೈಕೆ ಕಡಿಮೆ. ಜೊತೆಗೆ ಹೆಜ್ಜೆಯಿಟ್ಟಾಗಲೆಲ್ಲ ದೇಹದ ಭಾರವು ಮುರಿದ ತುದಿಗಳನ್ನು ಅಲುಗಿಸುತ್ತದೆ.

ಮೂಳೆ ಮುರಿದೊಡನೆ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಮುಂದಿನ ವಾರಗಳಲ್ಲಿ ಮೃದುವಾದ ಅಂಗಾಂಶವು ಎರಡು ತುದಿಗಳಿಗೂ ಸೇತುವೆಯಾಗುತ್ತದೆ. ಕ್ರಮೇಣ ಅದರಲ್ಲಿ ಸುಣ್ಣದ ಅಂಶ ಸೇರಿ ಗಟ್ಟಿಯಾಗುತ್ತದೆ. ಎಳೆಯ ಸೇತುವೆಯ ಮೇಲೆ ಗಾಡಿ ಹಾಯಿಸಿದರೆ ಆಗುವ ಗತಿಯೇ ಅವಸರದ ನಡಿಗೆಯಿಂದ ಮೂಳೆಗೂ ಆಗುತ್ತದೆ. ಆದುದರಿಂದಲೇ ಮುರಿದ ಅಂಗವನ್ನು ಅಲುಗದಂತೆ ಇರಿಸುವುದು ಚಿಕಿತ್ಸೆಯ ಮೊದಲ ಸೂತ್ರ. ಅತ್ತಿ, ಅರಳಿ, ಮುತ್ತುಗದ ತೊಗಟೆಗಳನ್ನೂ ಬಿದಿರನ್ನೂ ದಬ್ಬೆಯಾಗಿ ಕಟ್ಟುವ ವಿಧಾನವನ್ನು ಸುಶ್ರುತಸಂಹಿತೆ ಹೇಳುತ್ತದೆ. ಇಂದು ಪ್ಲಾಸ್ಟರಿನ ಕಟ್ಟು ಆ ಕೆಲಸ ಮಾಡುತ್ತದೆ. ಸಾಮಾನ್ಯವಾಗಿ ಆರರಿಂದ ಎಂಟು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ, ಊರುಗೋಲೇ ಗತಿ. ಆಗಲೂ ಕೂಡದಿದ್ದರೆ ಶಸ್ತ್ರಕ್ರಿಯೆ ಮಾಡಿ ಲೋಹದ ತಿರುಪನ್ನು ಕೂರಿಸುತ್ತಾರೆ.

ರೋಗಿಯ ಪಾಲಿನ ಕೆಲಸವೂ ಇದೆ. ಬೀಡಿ, ಸಿಗರೇಟುಗಳನ್ನು ಬಿಡಬೇಕು. ಅವುಗಳಲ್ಲಿನ ನಿಕೋಟಿನ್ ರಕ್ತನಾಳಗಳನ್ನು ಸಂಕುಚಿತಗೊಳಿಸುತ್ತದೆ. ಹಾಸನದ ಸೀಮೆಯ ರಾಗಿಮುದ್ದೆಯೂ ನೆರವಾಗಬಲ್ಲದು: ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅದು ಮೈಗೆ ಹತ್ತಲು ಬೇಕಾದ 'ಡಿ' ಜೀವಸತ್ವವನ್ನು ಬಿಸಿಲು ಒದಗಿಸುತ್ತದೆ.

ಆದರೆ ಹೊಲದ ಗತಿಯೇನು? ಹಳ್ಳಿಗಳಲ್ಲಿ ಮುಯ್ಯಾಳಿನ ಪದ್ಧತಿ ಉಂಟು. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಹಿಂದೆ ಅವನು ಯಾರ ಹೊಲದಲ್ಲಿ ದುಡಿದಿದ್ದನೋ ಅವರು ಈಗ ಅವನ ಹೊಲಕ್ಕೆ ಇಳಿಯುತ್ತಾರೆ. ಜಗಲಿಯ ಮೇಲೆ ಕುಳಿತು ಅದನ್ನು ನೋಡುವುದು ದುಡಿಯುವ ಕೈಗೆ ಸುಲಭವಲ್ಲ. ನೆರವು ನೀಡುವುದಕ್ಕೆ ಮಾತ್ರವಲ್ಲ, ನೆರವು ಪಡೆಯುವುದಕ್ಕೂ ದೊಡ್ಡ ಮನಸ್ಸು ಬೇಕು.

ಕಟ್ಟು ಬಿಚ್ಚಿದ ದಿನ ಕಾಲು ಬಡಕಲಾಗಿರುತ್ತದೆ. ಮಗುವಿನಂತೆ ಮತ್ತೆ ಒಂದೊಂದೇ ಹೆಜ್ಜೆ ಕಲಿಯಬೇಕು. ಬಿತ್ತಿದ ಮರುದಿನವೇ ಮಣ್ಣು ಕೆದಕಿ ಮೊಳಕೆ ನೋಡುವ ರೈತನಿಲ್ಲ. ಭೂಮಿಯ ವಿಷಯದಲ್ಲಿ ತೋರುವ ಆ ತಾಳ್ಮೆಯನ್ನು ತನ್ನ ಮೈಯ ವಿಷಯದಲ್ಲಿಯೂ ತೋರಿದವನು ಸುಗ್ಗಿಯ ಹೊತ್ತಿಗೆ ತನ್ನ ಕಾಲ ಮೇಲೆಯೇ ಕಣಕ್ಕೆ ಹೋಗಬಲ್ಲನು. ತಾಳಿದವನು ಬಾಳಿಯಾನು.

ಪದಗಳ ಅರ್ಥ
ಆರಂಬ - ಬೇಸಾಯ. ದಬ್ಬೆ - ಸೀಳಿದ ಪಟ್ಟಿ. ಮುಯ್ಯಾಳು - ಕೂಲಿಯಿಲ್ಲದೆ ಬದಲಿಗೆ ಬದಲಾಗಿ ದುಡಿಯುವ ಆಳು

ಪ್ರಶ್ನೆಗಳು
1. ರೈತನ ಇಕ್ಕಟ್ಟು ಯಾವುದು?
2. ಪಾದದ ಹೊರ ಅಂಚಿನ ಮೂಳೆ ನಿಧಾನವಾಗಿ ಕೂಡಲು ಕಾರಣಗಳೇನು?
3. "ನೆರವು ಪಡೆಯುವುದಕ್ಕೂ ದೊಡ್ಡ ಮನಸ್ಸು ಬೇಕು." ಈ ಮಾತನ್ನು ವಿವರಿಸಿ.